ಹೊನ್ನಿಯ ಗುಂಡಿ

ಮಣ್ಣಿನ ಒಂಬತ್ತನೆಯ ಸುತ್ತು, ಹದಿಮೂರನೆಯ ತಿಂಗಳ ನಲವತ್ತನೆಯ ದಿನ
ಕೆರೆತಳದ ಮಣ್ಣುಮನೆಯಿಂದ

ನಮಗಿಂತ ಮುನ್ನೂರು ವರ್ಷ ಮೊದಲು ಬದುಕುತ್ತಿರುವ ನಿಮಗೆ,

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಾನು ಕಲಿಕೆಯನ್ನು ನಡುವೆಯೇ ಬಿಟ್ಟು ಓಡಿಹೋದವಳು. ಬರೆದು ಅಭ್ಯಾಸವಿಲ್ಲ. ಆದರೆ ಇಲ್ಲದ್ದನ್ನು ಬರೆಯುವುದಿಲ್ಲ.

ನಮ್ಮಲ್ಲಿ ಹೊಸ ಮಣ್ಣಿಲ್ಲ. ನಿಮ್ಮ ಕೆರೆಗಳ ಮೇಲೆ ನೀವು ಮನೆ ಕಟ್ಟಿಕೊಂಡಿರಿ. ಆ ಮನೆಗಳು ಬಿದ್ದು ನೆಲ ಗಟ್ಟಿಯಾಗಿದೆ, ಹಾರೆ ಇಳಿಯುವುದಿಲ್ಲ. ಉಳಿದ ಒಂದೇ ಕೆರೆಯ ತಳದಿಂದ ನಮ್ಮ ಮುತ್ತಜ್ಜಿಯರು ಎತ್ತಿಟ್ಟ ಮಣ್ಣನ್ನೇ ಇಂದಿಗೂ ಬಳಸುತ್ತಿದ್ದೇವೆ. ಬಿರಿದ ಹಸಿ ಕೊಡ, ಕೆರೆದು ತೆಗೆದ ಚೂರು, ಕೈ ತೊಳೆದ ರಾಡಿ, ಎಲ್ಲವನ್ನೂ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ತುಳಿದು, ಮತ್ತೆ ತಿಗರಿಗೆ, ಅಂದರೆ ಕೊಡ ಎತ್ತುವ ಚಕ್ರಕ್ಕೆ, ಏರಿಸುತ್ತೇವೆ. ಇದು ಮರುಮಣ್ಣು. ರಾಶಿಯೆಲ್ಲ ಒಮ್ಮೆ ಕೈಗಳನ್ನು ಹಾದುಬಂದರೆ ಅದು ಒಂದು ಸುತ್ತು. ನಮ್ಮ ಕಾಲವನ್ನು ಅದರಿಂದಲೇ ಎಣಿಸುತ್ತೇವೆ. ಸುಟ್ಟ ಮಣ್ಣು ಮಾತ್ರ ತಿರುಗಿ ಮಣ್ಣಾಗುವುದಿಲ್ಲ. ಅದಕ್ಕೇ ಕೊಡ ಸುಡುವ ಆವಿಗೆಗೆ ಬೆಂಕಿ ಕೊಡುವುದು ವರ್ಷಕ್ಕೊಮ್ಮೆ. ಮಣ್ಣುಮನೆಯ ತಿಗರಿಗಳೂ ಕೆಲವೇ. ತಿಗರಿ ಇದ್ದವರಿಗೆ ನೀರಿನ ಪಾಲು ಸಿಗುತ್ತದೆ. ಇಲ್ಲದವರು ಹೊರಗೆ ನಿಮ್ಮ ಕಟ್ಟಡಗಳ ಕಬ್ಬಿಣ ಕೀಳುತ್ತಾ, ಸಿಕ್ಕಿದ ನೀರನ್ನು ನಿಮ್ಮ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಹಿಡಿದು ಕುಡಿಯುತ್ತಾ ಬದುಕುತ್ತಾರೆ. ಆ ಬಾಟಲಿಗಳು ಇನ್ನೂ ಹೊಸದರಂತಿವೆ. ಅವುಗಳಲ್ಲಿ ಕುಡಿದವರು ಅಷ್ಟು ದಿನ ಬಾಳುವುದಿಲ್ಲ.

ನಾನು ನಾಲ್ಕು ವರ್ಷ ಹಾಗೆ ಬದುಕಿದೆ. ಒಂದೇ ಕಡೆ ಕೂತು ಚಕ್ರ ತಿರುಗಿಸುವುದು ನನ್ನಿಂದ ಆಗುವುದಿಲ್ಲ ಎಂದು ಹೋದವಳು, ಬಾಯಾರಿಕೆ ತಡೆಯದೆ ಹಿಂತಿರುಗಿದೆ. ಮಣ್ಣಿನ ಮೇಲಿನ ಪ್ರೀತಿಯಿಂದಲ್ಲ.

ಬಿಟ್ಟುಹೋದವರಿಗೆ ನಮ್ಮಲ್ಲೊಂದು ನಿಯಮವಿದೆ. ಅವರ ಹಸಿ ಕೊಡಗಳನ್ನೆಲ್ಲ ಒಡೆದು, ಅವರ ಹೆಸರಿನ ಗುಂಡಿಯಲ್ಲಿ ನೆನೆಹಾಕುತ್ತಾರೆ. ಹಾದುಹೋಗುವವರೆಲ್ಲ ಅದಕ್ಕೆ ಉಗುಳಬೇಕು. ಮತ್ತೆ ಬಂದವರು ಆ ಮಣ್ಣಿನಿಂದಲೇ ಒಂದು ಕೊಡ ಮಾಡಬೇಕು. ಅವರ ತಿಗರಿಯಲ್ಲಿ ಈಗ ಕೂತಿರುವವರೂ ರಾಶಿಯ ಮಣ್ಣಿನಿಂದ ಒಂದು ಕೊಡ ಮಾಡುತ್ತಾರೆ. ಎರಡನ್ನೂ ಆ ವರ್ಷದ ಆವಿಗೆಯಲ್ಲಿ ಒಟ್ಟಿಗೆ ಸುಟ್ಟು, ನೀರು ತುಂಬಿ, ಅಮಾವಾಸ್ಯೆಯವರೆಗೆ ಇಡುತ್ತಾರೆ. ಸೋರಿದ ಕೊಡದವರು ಹೊರಗೆ. ಎರಡೂ ಸೋರದಿದ್ದರೆ ಹಿಂತಿರುಗಿದವರೇ ಹೊರಗೆ.

ನನ್ನ ತಿಗರಿಯಲ್ಲಿ ಕೂತಿದ್ದವಳು ನನ್ನ ತಂಗಿ ಹೊನ್ನಿ.

ಮಣ್ಣುಮನೆಯ ಯಜಮಾನಿ ದುಂಡವ್ವ ನನ್ನನ್ನು ಕಂಡು ಕೂತಲ್ಲಿಂದ ಏಳಲಿಲ್ಲ. "ಬಂದೀಯೇನ? ನಿನ್ನ ಗುಂಡಿ ಅಲ್ಲೇ ಐತಿ. ಊರೆಲ್ಲ ಮರ್ಯಾದಿ ಮಾಡೈತಿ, ನೋಡ್ಕೋ" ಎಂದಳು. ಮುಚ್ಚಳ ಎತ್ತಿದರೆ ನಾತ ಮೂಗಿಗೆ ಹೊಡೆಯಿತು. ಮಣ್ಣು ಕಪ್ಪಾಗಿತ್ತು. ಹೊನ್ನಿ ಬಾಗಿಲಿಗೆ ಒರಗಿ ನಗುತ್ತಿದ್ದಳು.

"ಕೈ ಹಾಕಕ್ಕಾ. ಹೇಸಿಗಿ ಬಂತೇನ? ಅದರಾಗ ಹೆಚ್ಚಿಂದು ನಂದ. ದಿನಾ ಮುಂಜಾನೆ ಉಗುಳೀನಿ."

"ಇಷ್ಟ ಸಿಟ್ಟೇನ ನನ್ನ ಮ್ಯಾಲ?"

"ನೀ ಓಡಿದ ಮ್ಯಾಲ ನಿನ್ನ ಕೆಲಸಾನೂ ನಾನ ಮಾಡೀನಿ. ಮುದ್ದು ಮಾಡ್ಲೇನ?"

ನಾನು ಕೈ ಹಾಕಿದೆ. ಕೂಡಲೇ ಬೇರೆ ಏನೋ ಗೊತ್ತಾಯಿತು. ಆ ಮಣ್ಣು ಹಿಟ್ಟಿನಂತೆ ಎಳೆದಷ್ಟೂ ಬರುತ್ತಿತ್ತು, ಎಲ್ಲೂ ಹರಿಯುತ್ತಿರಲಿಲ್ಲ. ದುಂಡವ್ವ ಒಂದು ಚಿಟಿಕೆ ತೆಗೆದು ಬೆರಳಿಗೆ ಸುತ್ತಿ ನೋಡಿದಳು. "ಹುಳಿ ಬಂದೈತಿ. ಉಗುಳಿದಷ್ಟೂ ಮಣ್ಣು ಜಿಗುಟು ಆಕೈತಿ. ಇಂಥಾದ್ದು ನನ್ನ ಕೈಗೂ ಸಿಕ್ಕಿಲ್ಲ. ನಿನ್ನ ತಂಗೀಗೆ ಕೈ ಮುಗಿ." ಹೊನ್ನಿಯ ನಗು ನಿಂತಿತು.

ನಮ್ಮ ಮಣ್ಣಿನಲ್ಲಿ ಬಿಳಿಕಾಳು ಎಂಬುದೊಂದಿದೆ. ನೀವು ಹಬ್ಬ ಮುಗಿಸಿ ಕೆರೆಗೆ ಮುಳುಗಿಸುತ್ತಿದ್ದ ಗಣಪತಿಗಳ ಪ್ಲಾಸ್ಟರ್ ಅದು. ಒಂಬತ್ತು ಸುತ್ತು ಸೋಸಿದರೂ ಮುಗಿದಿಲ್ಲ. ಸುಡುವಾಗ ಸುಮ್ಮನಿರುತ್ತದೆ. ಆಮೇಲೆ ತೇವ ಹೀರಿ ಉಬ್ಬಿ, ಕೊಡದ ಗೋಡೆಯನ್ನು ಒಳಗಿನಿಂದ ಸಿಡಿಸುತ್ತದೆ. ಹೊನ್ನಿ ನನಗಿಂತ ಒಳ್ಳೆಯ ಕೆಲಸಗಾರ್ತಿ. ಅವಳ ಕೊಡ ತೆಳ್ಳಗೆ, ಸಮನಾಗಿ ಎದ್ದಿತ್ತು. ನನ್ನದರ ಕುತ್ತಿಗೆ ಸೊಟ್ಟ. ಬಿಳಿಕಾಳುಗಳನ್ನು ನಾನೂ ಉಗುರಿನಿಂದ ಕಿತ್ತೆ, ಅವಳೂ ಕಿತ್ತಳು. ಅವಳಿಗೆ ಒಂದು ತಪ್ಪಿತು. ಅಮಾವಾಸ್ಯೆಗೆ ಇನ್ನೂ ಎರಡು ದಿನವಿರುವಾಗ ಅವಳ ಕೊಡದ ಹೊಟ್ಟೆಯಿಂದ ಬಿಲ್ಲೆಯಷ್ಟು ಚಕ್ಕೆ ಟಪ್ಪೆಂದು ಹಾರಿತು. ಜಿಗುಟು ಮಣ್ಣಿನ ನನ್ನ ಸೊಟ್ಟ ಕೊಡ ಒಂದು ಹನಿಯೂ ಸೋರಲಿಲ್ಲ. ನಾವಿಬ್ಬರೂ ಎದುರೇ ಕೂತಿದ್ದೆವು. ನೀರು ಇಳಿಯುವುದನ್ನು ಅವಳು ಕೊನೆಯವರೆಗೂ ನೋಡಿದಳು. ನನಗೆ ಮೊದಲು ಬಂದದ್ದು ದುಃಖವಲ್ಲ, ಇನ್ನು ನೀರು ಕುಡಿಯಬಹುದು ಎಂಬ ಸಮಾಧಾನ.

ಹೋಗುವವರ ಹಸಿ ಕೊಡಗಳನ್ನು ಉಳಿದವರೇ ಒಡೆಯಬೇಕು. ನಾನು ಒಡೆದೆ. ಎಷ್ಟು ಚೆನ್ನಾಗಿದ್ದವೆಂದರೆ, ಕೆಲವಕ್ಕೆ ಎರಡೆರಡು ಏಟು ಬೇಕಾಯಿತು. ಅವುಗಳನ್ನು ಅವಳ ಹೆಸರಿನ ಹೊಸ ಗುಂಡಿಗೆ ಸುರಿದು ನೀರು ಹೊಯ್ದೆ. ಹೊನ್ನಿ ಬಾಟಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದಳು.

"ನಾ ಉಗುಳಿದ್ದು ಸಿಟ್ಟಿಗೆ ಅಕ್ಕಾ. ಪ್ರೀತಿ ಅಂತ ತಿಳ್ಕೋಬ್ಯಾಡ."

"ತಿಳ್ಕೊಳ್ಳಂಗಿಲ್ಲ."

"ನಿನ್ನ ಬಾಯಿ ಯಾವಾಗ್ಲೂ ಒಣಾನ. ನಿನಗ ಉಗುಳಾಕ ಬಂದೀತೇನ?" ಎಂದು ಹೇಳಿ, ಹಿಂತಿರುಗಿ ನೋಡದೆ ಹೋದಳು.

ಈಗ ನಾನು ದಿನವೂ ಮುಂಜಾನೆ, ಪಾಲಿನ ನೀರು ಕುಡಿದ ಕೂಡಲೇ, ಆ ಗುಂಡಿಗೆ ಉಗುಳುತ್ತೇನೆ. ಬೇರೆಯವರು ಮರೆಯುತ್ತಾರೆ, ನಾನು ಮರೆಯುವುದಿಲ್ಲ. ಮಣ್ಣು ಕಪ್ಪಾಗುತ್ತಾ ಬಂದಿದೆ. ಅವಳು ಬದುಕಿ ಬಂದರೆ ಅದರಿಂದ ಮಾಡುವ ಕೊಡ ನನ್ನದನ್ನು ಸೋಲಿಸುತ್ತದೆ, ನಾನು ಮತ್ತೆ ಬಾಟಲಿ ಹಿಡಿಯಬೇಕಾಗುತ್ತದೆ. ಇದು ಗೊತ್ತಿದ್ದೂ ಉಗುಳುತ್ತೇನೆ. ಅವಳು ಇನ್ನೂ ಬಂದಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಕೆರೆ ಉಳಿದಿದ್ದರೆ ಅದಕ್ಕೆ ಉಗುಳಿರಿ, ಬೇಕಾದ ಹೊಲಸು ಹಾಕಿರಿ. ಮಣ್ಣು ಅದನ್ನು ತಿಂದು ಜೀರ್ಣಿಸಿಕೊಳ್ಳುತ್ತದೆ. ಕೈಮುಗಿದು ಆ ಬಿಳಿಯ ದೇವರನ್ನು ಮಾತ್ರ ಹಾಕಬೇಡಿ. ನನ್ನ ತಂಗಿಯ ಕೊಡ ನಿಜಕ್ಕೂ ಚೆನ್ನಾಗಿತ್ತು.

ಅವಳ ಅಕ್ಕ,
ಕೆಂಚಿ