ರೀಶಾಳ ಮೂರು ಮರಿಗಳು

ಅಪ್ಪಾ, ಇಂದು ಮುಂಜಾನೆ ರೀಶಾ ಮೂರು ಮರಿ ಹಾಕಿತು. ದಹಾಮ್ ಚಿಕ್ಕಪ್ಪ ಡೇರೆಯಿಂದ ಬಂದು ಸುದ್ದಿ ತಿಳಿಸಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ.

ನಮ್ಮ ಸಲೂಕಿ ನಾಯಿಗಳು ನಿಮ್ಮ ಮುತ್ತಜ್ಜನ ಕಾಲದಿಂದ ಮರುಭೂಮಿಯಲ್ಲಿ ಮೊಲ ಹಿಡಿದಿವೆ, ಅಮ್ಮಾನಿನ ಪ್ರದರ್ಶನಗಳಲ್ಲಿ ಬಹುಮಾನ ಗೆದ್ದಿವೆ. ಆ ತಳಿಯ ಹೆಣ್ಣುಗಳಲ್ಲಿ ಉಳಿದದ್ದು ಮುದಿ ರೀಶಾ ಒಂದೇ. ನಮ್ಮವರ ಕಟ್ಟಳೆಯಂತೆ ಹೆಣ್ಣನ್ನು ಗಂಡಿಗೆ ಕೂಡಿಸುವಾಗ ಹಿರಿಯನೊಬ್ಬ ಕಣ್ಣಾರೆ ಕಂಡಿರಬೇಕು, ಇಲ್ಲದಿದ್ದರೆ ಮರಿಗಳನ್ನು ಉಳಿಸಿಕೊಳ್ಳುವಂತಿಲ್ಲ. ರೀಶಾಳನ್ನು ಕೂಡಿಸಿದ ದಿನ ಅಲ್ಲಿದ್ದವರು ನೀವೊಬ್ಬರೇ. ನೀವು ಅದಕ್ಕೆ ಗೊತ್ತು ಮಾಡಿದ್ದು ನಮ್ಮದೇ ತಳಿಯ ಗಂಡು ಸಹಾಬ್; ಆದರೆ ನನ್ನ ತಮ್ಮ ಹಾಯಿಲ್ ಪಂದ್ಯಕ್ಕೆಂದು ತಂದ ಬೆರಕೆ ನಾಯಿಯೂ ಅಂದು ಹಗ್ಗ ಹರಿದುಕೊಂಡಿತ್ತಂತೆ.

"ಬೆಳೀಲಿ ಬಿಡಿ ಚಿಕ್ಕಪ್ಪ, ಓಟ ನೋಡಿದ್ರೆ ಗೊತ್ತಾಗುತ್ತೆ," ಅಂದ ಹಾಯಿಲ್.

"ಬಾಲಕ್ಕೆ ಬೆಂಕಿ ಹಚ್ಚಿದ್ರೆ ಕತ್ತೇನೂ ಓಡುತ್ತೆ ಕಣೋ. ಓಟ ಸಾಕ್ಷಿ ಅಲ್ಲ. ಕಂಡಿದ್ದ ಅಣ್ಣ ಮಣ್ಣಲ್ಲಿದ್ದಾನೆ."

ಆಮೇಲೆ ಅವರು ನನ್ನತ್ತ ತಿರುಗಿದರು. "ಆಸ್ಪತ್ರೇಲಿ ಕೊನೇ ವಾರವೆಲ್ಲ ನಿನ್ನನ್ನೇ ಕೇಳ್ತಿದ್ದ ಕಣಮ್ಮ. ರೀಶಾ ವಿಷಯ ಮಗಳಿಗೇ ಹೇಳ್ತೀನಿ ಅಂತಿದ್ದ. ನೀನಂತೂ ಬರ್ಲಿಲ್ಲ. ಫೋನಲ್ಲಾದ್ರೂ ಹೇಳಿದ್ನಾ? ಸಹಾಬೇ ಅಂತ ಅಣ್ಣ ಹೇಳಿದ್ದು ನಿಜ ಆದ್ರೆ ಸಾಕು, ನಾನು ನಂಬ್ತೀನಿ."

ಫೋನಲ್ಲೂ ನೀವು ನನಗೆ ಏನೂ ಹೇಳಿರಲಿಲ್ಲ. ನಾನು ರೀಶಾಗೆ ಹಾಲು ತರಲು ಒಳಗೆ ಹೋದೆ.

ಒಂದು ಮರಿಯ ಎದೆಯ ಮೇಲೆ ಸಹಾಬ್‌ಗೆ ಇರುವಂಥದೇ ಬಿಳಿ ಮಚ್ಚೆಯಿದೆ. ಚಿಕ್ಕಪ್ಪ ಅದನ್ನು ಬಹಳ ಹೊತ್ತು ನೋಡಿದರು. ಅಂಥದೇ ಮಚ್ಚೆ ಹಾಯಿಲ್‌ನ ಬೆರಕೆ ನಾಯಿಗೂ ಇತ್ತು.

ಹಾಯಿಲ್ ಒಣಹಳ್ಳದಲ್ಲಿ ಗುಂಡಿ ತೋಡಿ ಬಂದಿದ್ದಾನೆ. ನಾಳೆ ಬೆಳಗಿನ ನಮಾಜಿನ ನಂತರ ಚಿಕ್ಕಪ್ಪ ಮೂರು ಮರಿಗಳನ್ನೂ ಅಲ್ಲಿಗೆ ಒಯ್ಯುತ್ತಾರೆ.