ಡ್ರಮ್ಮಿನ ಮೇಲಿನ ಶುಕ್ರವಾರ

ಗುರುವಾರ, ಮಧ್ಯಾಹ್ನ

ಇವರಿಗೆ,

ನಿಮ್ಮ ಪತ್ರ ಸೋಮವಾರ ಕೈಸೇರಿತು. ನೀವು ನಿಮ್ಮ ಅಕ್ಕನ ಮನೆಗೆ ಹೋಗಿ ಒಂದು ವರ್ಷವಾದ ಮೇಲೆ ಬರೆದ ಮೊದಲ ಪತ್ರ. ಅದರಲ್ಲಿ ಮುಕ್ಕಾಲು ಪಾಲು ಗುಜರಿಗೆ ಹಾಕಬೇಕಾದ ಗಾಜಿನ ಮೀನುತೊಟ್ಟಿಗಳ ಅಳತೆ. ಉದ್ದ ಇಷ್ಟು, ಎತ್ತರ ಇಷ್ಟು, ಗುಜರಿಯವನು ಎತ್ತುವಾಗ ಅಂಚಿಗೆ ಹಳೇ ಬಟ್ಟೆ ಸುತ್ತು, ಕೈ ಕುಯ್ದುಕೊಂಡೀಯ ಎಂದೆಲ್ಲ ಬರೆದಿದ್ದೀರಿ. ಉಳಿದಿರುವ ಐದು ಮೀನುಗಳನ್ನು ಯಾರಿಗಾದರೂ ಕೊಟ್ಟುಬಿಡು, ಮೀನಂಗಡಿಯ ಗುಳ್ಳೆಗೆ ಮಾತ್ರ ಬೇಡ ಎಂದಿದ್ದೀರಿ. ಅಕ್ಕನ ಊರಿನಲ್ಲಿಯೇ ಲಿಫ್ಟ್ ಕಂಪನಿಯ ಕೆಲಸ ಕಾಯಂ ಆಗುತ್ತಿದೆ, ಮುಂದಿನ ತಿಂಗಳು ಸಹಿ ಹಾಕುತ್ತೇನೆ ಎಂದಿದ್ದೀರಿ. ಕೊನೆಯಲ್ಲಿ ಜಾಗವಿಲ್ಲದ ಕಡೆ ಒತ್ತರಿಸಿ, ನೀನು ಹೇಗಿದ್ದೀಯ ಎಂದು ಕೇಳಿದ್ದೀರಿ.

ಸುಸ್ತಾಗಿದ್ದೇನೆ. ಬೇರೆ ಉತ್ತರ ಹುಡುಕಿದೆ, ಸಿಗಲಿಲ್ಲ.

ಡಿಸ್ಕಸ್ ಜಾತಿ ಸಾಕುವವನು ಮೀನು ಸಾಕುವುದಿಲ್ಲ, ನೀರು ಸಾಕುತ್ತಾನೆ ಎಂದು ನೀವು ಬಂದವರಿಗೆಲ್ಲ ಹೇಳುತ್ತಿದ್ದಿರಿ. ನಾನು ಒಳಗಿಂದ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಬೆಳಗ್ಗೆಯಿಂದ ಸಂಜೆ ಆರರವರೆಗೆ ಲ್ಯಾಬಿನಲ್ಲಿ ಯಾರ್ಯಾರದೋ ಬಾಯಿಗೆ ಹಲ್ಲಿನ ಸೆಟ್ಟು ಮಾಡುತ್ತೇನೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಪೈಪು ಹಿಡಿಯಬೇಕು. ಹಳೇ ನೀರು ಎರಡು ಬಕೆಟ್ ಹೊರಗೆ, ಮಾಗಿದ ನೀರು ಎರಡು ಬಕೆಟ್ ಒಳಗೆ. ಮೂವತ್ತು ಡಿಗ್ರಿಗಿಂತ ಕೊಂಚ ತಣ್ಣಗಿದ್ದರೂ ಮಹಾರಾಜರು ಮೈ ಕಪ್ಪಗೆ ಮಾಡಿಕೊಂಡು ಮೂಲೆ ಸೇರುತ್ತಾರೆ. ನನಗೆ ಬಿಸಿನೀರು ಇದೆಯೋ ಇಲ್ಲವೋ, ಅವರಿಗಂತೂ ಇರಲೇಬೇಕು. ಬಲಭುಜ ಮೇಲಕ್ಕೆ ಎತ್ತಲಾಗುತ್ತಿಲ್ಲ. ಲ್ಯಾಬಿನ ಡಾಕ್ಟರು ಭಾರ ಎತ್ತಬೇಡಿ ಎಂದರು, ಆಗಲಿ ಎಂದೆ, ಆ ಸಂಜೆಯೂ ಎರಡು ಬಕೆಟ್ ಎತ್ತಿದೆ.

ಆದರೂ ಮೀನುಗಳನ್ನು ಯಾರಿಗೂ ಕೊಡಲಿಲ್ಲ ಏಕೆ ಎಂದು ನೀವು ಕೇಳಬಹುದು. ಅದನ್ನು ಹೇಳುವುದಕ್ಕೇ ಅರ್ಧ ದಿನ ರಜೆ ಹಾಕಿ ಕೂತಿದ್ದೇನೆ. ಅದಕ್ಕೆ ಮುಂಚೆ ಒಂದು ಸುದ್ದಿ. ಮುಂಗೋಪಿ ಮರಿ ಮಾಡಿದ್ದಾಳೆ.

ಅವಳೇ, ಎಡ ರೆಕ್ಕೆ ಸೊಟ್ಟಗಿದ್ದವಳು, ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕುಟ್ಟಿ ಓಡಿಸುತ್ತಿದ್ದವಳು. ಸಾಹುಕಾರನ ಜೊತೆ ಕೂಡಿಕೊಂಡಳು. ಗೊತ್ತಿದ್ದವರೊಬ್ಬರು ಹೇಳಿದರೆಂದು ತೊಟ್ಟಿಯಲ್ಲಿ ಒಂದು ಮಣ್ಣಿನ ಕುಂಡ ಬೋರಲು ಹಾಕಿದ್ದೆ. ಮೂರು ಸಲ ಅದರ ಮೇಲೆ ಮೊಟ್ಟೆ ಇಟ್ಟು, ಮೂರು ಸಲವೂ ಇಬ್ಬರೂ ಸೇರಿ ತಿಂದು ಮುಗಿಸಿದರು. ನಾಲ್ಕನೇ ಸಲ ಬುದ್ಧಿ ಬಂತು. ಮೊಟ್ಟೆ ಒಡೆದು, ಮರಿಗಳು ಕುಂಡಕ್ಕೆ ಅಂಟಿಕೊಂಡು ಬಾಲ ಅಲ್ಲಾಡಿಸುತ್ತ ಇದ್ದವು. ಆಮೇಲೆ ಒಂದು ಬೆಳಗ್ಗೆ ನೋಡಿದರೆ ಕುಂಡ ಖಾಲಿ. ತಿಂದೇಬಿಟ್ಟರು ಅಂದುಕೊಂಡೆ. ಕನ್ನಡಕ ಹಾಕಿ ನೋಡಿದೆ. ಎಲ್ಲವೂ ಮುಂಗೋಪಿಯ ಮೈಮೇಲಿದ್ದವು. ತಟ್ಟೆಯಷ್ಟು ಅಗಲದ ಆ ಮೈಯ ಎರಡೂ ಪಕ್ಕ ನೆಕ್ಕಿ ತಿನ್ನುತ್ತಿದ್ದವು.

ತಾಯಿ ತಂದೆಯರ ಚರ್ಮದ ಲೋಳೆಯೇ ಇವುಗಳಿಗೆ ಹಾಲು ಎಂದು ನೀವು ಹೇಳಿದ್ದು ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಇಪ್ಪತ್ತೆರಡು ವರ್ಷ ನೀವು ಕಾದದ್ದು ಇದಕ್ಕೆ. ನೀವಿಲ್ಲದಾಗ ಆಯಿತು. ಮುಂಗೋಪಿಗೆ ಸಾಕಾದಾಗ ಮೈ ಒಮ್ಮೆ ಜಾಡಿಸುತ್ತಾಳೆ, ಅಷ್ಟೂ ಮರಿಗಳು ಹಾರಿ ಸಾಹುಕಾರನ ಮೈಗೆ ಹತ್ತುತ್ತವೆ. ಅವನಿಗೆ ಸಾಕಾದಾಗ ಅವನು ಜಾಡಿಸುತ್ತಾನೆ. ಹೀಗೆ ಪಾಳಿ ಬದಲಾಯಿಸುತ್ತ ದಿನ ತಳ್ಳುತ್ತಿದ್ದಾರೆ. ಇವತ್ತಿಗೆ ಹನ್ನೊಂದು ದಿನ. ಇಬ್ಬರ ಮೈಯಲ್ಲೂ ಬಿಳಿ ಗಾಯಗಳು ಎದ್ದಿವೆ. ನೋಡುತ್ತ ನಿಂತರೆ ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಗುತ್ತದೆ, ಜಾಡಿಸುವುದಕ್ಕೆ ಇನ್ನೊಬ್ಬರಿದ್ದಾರಲ್ಲ ಎಂದು.

ಈಗ ಹೇಳಬೇಕಾದದ್ದು ಹೇಳುತ್ತೇನೆ. ದಯವಿಟ್ಟು ನಿಂತುಕೊಂಡು ಓದಬೇಡಿ, ಕೂತುಕೊಳ್ಳಿ.

ಹದಿನಾಲ್ಕು ಮೀನು ಸತ್ತ ಆ ಭಾನುವಾರ ನಿಮಗೆ ನೆನಪಿಲ್ಲದೆ ಇರುವುದಿಲ್ಲ. ಹಿಂದಿನ ದಿನವಷ್ಟೇ ನೀವು ಗುಳ್ಳೆಯ ಅಂಗಡಿಯಿಂದ ಎರಡು ಕೆಂಪು ಮೀನು ತಂದು, ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಡುವ ನಿಮ್ಮದೇ ಕಟ್ಟಳೆ ಮುರಿದು, ನೇರವಾಗಿ ಮೊದಲನೇ ತೊಟ್ಟಿಗೆ ಬಿಟ್ಟಿದ್ದಿರಿ. ಒಂದೇ ಬಲೆಯನ್ನು ಎರಡನೇ ತೊಟ್ಟಿಗೂ ಅದ್ದಿದ್ದಿರಿ. ಮೊದಲೆರಡು ತೊಟ್ಟಿಗಳು ಖಾಲಿಯಾದವು, ಮಲಗುವ ಕೋಣೆಯ ಮೂರನೇ ತೊಟ್ಟಿಯ ಐದು ಉಳಿದವು. ಆದ್ದರಿಂದ ಹೊಸ ಮೀನಿನ ಜೊತೆ ರೋಗ ಬಂತು, ಆಸೆಬುರುಕತನದಿಂದ ನಾನೇ ಕೊಂದೆ ಎಂದು ನೀವು ತೀರ್ಮಾನಿಸಿದಿರಿ. ಲೆಕ್ಕ ಸರಿಯಾಗಿಯೇ ಕೂತಿತ್ತು. ಆದರೆ ಆ ಐದು ಉಳಿದದ್ದಕ್ಕೆ ಇನ್ನೊಂದು ಕಾರಣವಿತ್ತು. ಮೂರನೇ ತೊಟ್ಟಿಗೆ ಬರುವಷ್ಟರಲ್ಲಿ ಡ್ರಮ್ಮಿನ ನೀರು ಮುಗಿದಿತ್ತು.

ನೀಲಿ ಡ್ರಮ್ಮಿಗೆ ನೀವು ಶುಕ್ರವಾರ ಸಂಜೆ ನಲ್ಲಿ ನೀರು ತುಂಬಿ, ಗಾಳಿ ಪಂಪು ಬಿಟ್ಟು, ಸೀಮೆಸುಣ್ಣದಲ್ಲಿ ಶುಕ್ರವಾರ ಎಂದು ಬರೆದಿದ್ದಿರಿ. ಒಂದು ದಿನವಾದರೂ ಕಳೆದು ನಲ್ಲಿ ನೀರಿನ ಕ್ಲೋರಿನ್ ಔಷಧಿ ವಾಸನೆ ಹೋಗದೆ ಆ ನೀರು ಮುಟ್ಟುವಂತಿಲ್ಲ. ಆ ವಾರ ನಮ್ಮ ಬೀದಿಯಲ್ಲಿ ಪೈಪು ಅಗೆದಿದ್ದರು. ಶನಿವಾರ ನೀರಿಲ್ಲ, ಭಾನುವಾರ ಬೆಳಗ್ಗೆಯೂ ಇಲ್ಲ. ಯಾವುದೋ ಆಸ್ಪತ್ರೆಯ ಲಿಫ್ಟ್ ನಿಂತಿದೆ ಎಂದು ನೀವು ಹೋದಿರಿ. ನನ್ನ ಮುಂದೆ ಎರಡು ವಾರದ ಹೊದಿಕೆ, ದಿಂಬಿನ ಚೀಲ ಗುಡ್ಡೆಯಾಗಿತ್ತು. ನನಗಿದ್ದದ್ದು ಅದೊಂದೇ ರಜೆ. ಮನೆಯಲ್ಲಿ ಡ್ರಮ್ಮಿನ ತುಂಬ ನೀರು, ಅದು ಮೀನಿಗೆ. ನನಗೆ ಒಂದು ಚೊಂಬೂ ಇಲ್ಲ. ಸಿಟ್ಟು ಬಂತು. ಆ ಸಿಟ್ಟು ಒಂದು ದಿನದ್ದಲ್ಲ ಎಂದು ಈಗ ತಿಳಿಯುತ್ತದೆ. ಡ್ರಮ್ಮಿನ ನೀರನ್ನೆಲ್ಲ ಸುರಿದು ಹೊದಿಕೆ ಒಗೆದೆ. ನಿಜ ಹೇಳಬೇಕೆಂದರೆ ಹಾಯಾಗಿತ್ತು.

ಮಧ್ಯಾಹ್ನ ನಲ್ಲಿಯಲ್ಲಿ ನೀರು ಬಂತು. ಡ್ರಮ್ಮನ್ನು ಮತ್ತೆ ತುಂಬಿಸಿ ಪಂಪು ಹಾಕಿದೆ. ನೀವು ಬರೆದ ಶುಕ್ರವಾರ ಹಾಗೇ ಇತ್ತು. ಅಳಿಸಲಿಲ್ಲ. ಮರೆತೆನೆಂದು ಬರೆಯೋಣ ಅಂದುಕೊಂಡಿದ್ದೆ. ಮರೆಯಲಿಲ್ಲ. ಅಳಿಸಿದರೆ ನಿಮ್ಮ ನೀರು ಮುಟ್ಟಿದ್ದು ಗೊತ್ತಾಗುತ್ತದೆ, ರಾತ್ರಿಯೆಲ್ಲ ಪಾಠ ಕೇಳಬೇಕು ಎಂದು ಬಿಟ್ಟೆ. ನೀವು ಹೇಗೂ ತಡವಾಗಿ ಬರುತ್ತೀರಿ, ಸುಸ್ತಾಗಿರುತ್ತೀರಿ, ನೀರು ಬದಲಿಸುವುದು ನಾಳೆಯೇ ಎಂದುಕೊಂಡೆ. ನೀವು ಮೂರಕ್ಕೇ ಬಂದಿರಿ. ಬಟ್ಟೆ ಹರವಿ ಮಹಡಿಯಿಂದ ಇಳಿದಾಗ ಎರಡನೇ ತೊಟ್ಟಿಗೆ ಸುರಿಯುತ್ತಿದ್ದಿರಿ. ನೆಗಡಿಯಾಗಿ ನಿಮ್ಮ ಮೂಗು ಕಟ್ಟಿತ್ತು, ಇಲ್ಲದಿದ್ದರೆ ವಾಸನೆ ಹತ್ತುತ್ತಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು. ನಾವು ಕುಡಿಯುವ ನೀರೇ ತಾನೆ, ಏನಾದೀತು ಎಂದುಕೊಂಡು ಅಡುಗೆಮನೆಗೆ ಹೋದೆ.

ಆಮೇಲಿನದು ನಿಮಗೆ ಗೊತ್ತು. ಒಂದೊಂದಾಗಿ ಬಾಯಿ ಮೇಲೆ ಮಾಡಿ ಗಾಳಿ ನುಂಗಿದವು, ಕಪ್ಪಾದವು, ಅಡ್ಡ ಬಿದ್ದವು. ನೀವು ತೋಳು ಮಡಚದ ಅಂಗಿಯಲ್ಲೇ ಕೈ ಇಳಿಬಿಟ್ಟು ಅವುಗಳನ್ನು ನೆಟ್ಟಗೆ ಹಿಡಿದು ನಿಂತಿದ್ದಿರಿ. ನಾನು ಟವೆಲ್ಲು ಕೊಟ್ಟೆ. ಮಾತು ಕೊಡಲಿಲ್ಲ. ಊರವರಿಗೆಲ್ಲ ಹಲ್ಲು ಕಟ್ಟುವವಳು, ನನ್ನ ಬಾಯಿಗೆ ನಾನೇ ಹೊಲಿಗೆ ಹಾಕಿಕೊಂಡೆ.

ಮಾರನೇ ದಿನ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ನೀವು ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೆ ಗುಳ್ಳೆಗೆ ರೋಗದ ಮೀನು ಮಾರಿದೆ ಎಂದು ಬಾಯಿಗೆ ಬಂದಂತೆ ಬೈದು ಬಂದಿರಿ. ಅಷ್ಟಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ವಾರ ಕಳೆಯಿತು, ತಿಂಗಳು ಕಳೆಯಿತು. ನೀವು ನಿಮ್ಮ ಕೈಗಳನ್ನೇ ನೋಡುತ್ತ ಕೂರುತ್ತಿದ್ದಿರಿ. ನನ್ನ ಕೈಗುಣವೇ ಸರಿಯಿಲ್ಲ ಎಂದಿರಿ. ಅದನ್ನು ಕೇಳಲಾಗದೆ, ಹೆಂಡತಿ ಸತ್ತಿದ್ದರೂ ನೀವು ಇಷ್ಟು ಕೊರಗುತ್ತಿರಲಿಲ್ಲ ಎಂದುಬಿಟ್ಟೆ. ತಪ್ಪು ನನ್ನದು, ಸಿಡುಕಿದ್ದೂ ನಾನೇ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ನನ್ನದು ಹುಳ್ಳಗಾಗದೆ ಖಾರವಾಯಿತು. ಒಂದು ವಾರಕ್ಕೆಂದು ಅಕ್ಕನ ಮನೆಗೆ ಹೋದವರು ನೀವು ತಿರುಗಿ ಬರಲಿಲ್ಲ.

ಹೋದ ತಿಂಗಳು ಅಕ್ಕ ಫೋನ್ ಮಾಡಿದ್ದರು. ನಿಮಗೆ ಹೇಳಬೇಡ ಎಂದಿದ್ದರು, ಹೇಳುತ್ತೇನೆ. ‘ಒಂದು ಬೋಲ್ಟು ಬಿಗಿದು ಮೂರು ಸಲ ನೋಡ್ತಾನೆ ಕಣೇ. ಆಮೇಲೂ ನಂಬಿಕೆ ಇಲ್ಲ, ಇನ್ನೊಬ್ಬರನ್ನ ಕರೆದು ನೋಡಿಸ್ತಾನೆ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದೋನು ಈಗ ಮೆಟ್ಟಿಲು ಹತ್ತಿ ಹೋಗ್ತಾನೆ’ ಎಂದರು. ಮೀನು ಸತ್ತದ್ದು ಒಂದು ಸಂಜೆಯ ಮಾತು. ನಿಮ್ಮ ಕೈಯ ಮೇಲಿನ ನಂಬಿಕೆಯನ್ನು ನಾನು ಹದಿನಾಲ್ಕು ತಿಂಗಳು ದಿನಾ ಸ್ವಲ್ಪ ಸ್ವಲ್ಪ ಸಾಯಿಸುತ್ತಿದ್ದೇನೆ.

ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀವು ಊಟ ಆಯ್ತಾ ಎಂದಿರಿ, ಆಯ್ತು ಎಂದೆ, ಅಲ್ಲಿಗೆ ಮುಗಿಯಿತು. ನಿಮಗೆ ನಿಜ ಹೇಳುವ ಬದಲು ಮೀನುಗಳಿಗೆ ನೀರು ಹೊತ್ತೆ. ಹೊತ್ತರೆ ತೀರುತ್ತದೆ ಅಂದುಕೊಂಡಿದ್ದೆನೋ ಏನೋ. ತೀರುವುದಿಲ್ಲ, ಭುಜ ಮಾತ್ರ ಹೋಗುತ್ತದೆ.

ಆದ್ದರಿಂದ ಕೇಳಿ: ನಿಮ್ಮ ಕೈಯಲ್ಲಿ ತಪ್ಪಿರಲಿಲ್ಲ. ಡ್ರಮ್ಮಿನ ಮೇಲಿನ ಬರಹ ನಂಬಿ ನೀರು ಸುರಿದಿರಿ. ಅದು ನೀವೇ ಬರೆದದ್ದು, ಅದನ್ನು ಸುಳ್ಳು ಮಾಡಿದ್ದು ನಾನು. ಕೆಂಪು ಮೀನುಗಳಿಗೆ ಯಾವ ರೋಗವೂ ಇರಲಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಇಪ್ಪತ್ತು ಸ್ಪ್ಯಾನರ್ ಇವೆ, ಅದರಲ್ಲಿ ಒಂದಾದರೂ ನಿಮಗೆ ಮೋಸ ಮಾಡಿದೆಯೇ. ಅವನ್ನು ಹಿಡಿಯುವ ಕೈ ಮೊದಲಿದ್ದ ಹಾಗೇ ಇದೆ.

ಗುಜರಿಯವನಿಗೆ ಬರಬೇಡ ಎಂದು ಹೇಳಿದ್ದೇನೆ. ಮೂರು ವಾರ ತುಂಬಿದ ಮೇಲೆ ಮರಿಗಳನ್ನು ಬಿಡಿಸಿ ಬೇರೆ ತೊಟ್ಟಿಗೆ ಹಾಕಬೇಕಂತೆ, ಇಲ್ಲವಾದರೆ ಮುಂಗೋಪಿಯ ಮೈಯಲ್ಲಿ ಚರ್ಮ ಉಳಿಯುವುದಿಲ್ಲ. ಅಂದರೆ ಇನ್ನು ಹತ್ತು ದಿನ. ಒಂದು ಕೈಯಲ್ಲಿ ಲೋಟ, ಒಂದು ಕೈಯಲ್ಲಿ ಬಲೆ ಹಿಡಿಯಲು ನನಗಾಗುವುದಿಲ್ಲ. ನೀವು ಬಂದು ಹಿಡಿದುಕೊಟ್ಟು, ಆಮೇಲೆ ನನ್ನ ಮುಖ ನೋಡಲಾರೆ ಎಂದರೆ, ಮರಿಗಳನ್ನೂ ತೊಟ್ಟಿಗಳನ್ನೂ ತೆಗೆದುಕೊಂಡು ಹೋಗಿ. ಬೇಡ ಎನ್ನುವ ಮುಖ ನನಗಿಲ್ಲ. ಬನ್ನಿ ಎನ್ನುವ ಆಸೆ ಇದೆ. ಅದನ್ನೂ ಬರೆದಿದ್ದೇನೆ, ಇನ್ನು ಮುಚ್ಚಿಡುವುದು ಸಾಕು.

ಬೆರಳು ಹಿಡಿದುಕೊಂಡಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಇವಳು

ತಾ.ಕ.: ನಿಲ್ಲಿಸಿದೆ ಎಂದೆ, ಆದರೆ ಇದನ್ನು ಬಿಟ್ಟರೆ ಮತ್ತೆ ಮುಚ್ಚಿಟ್ಟ ಹಾಗಾಗುತ್ತದೆ. ಕುಂಡ ಬೋರಲು ಹಾಕಲು ಹೇಳಿದ ಗೊತ್ತಿದ್ದವರು ಗುಳ್ಳೆಯೇ. ನೀವು ಬೈದುಬಂದ ಮಾರನೇ ದಿನ ಆತ ಮನೆಗೆ ಬಂದಿದ್ದ, ನೀವಿರಲಿಲ್ಲ. ಪಂಪು ನಿಲ್ಲಿಸಿ ಮುಚ್ಚಿಟ್ಟಿದ್ದ ಡ್ರಮ್ಮಿನ ತಳದಲ್ಲಿ ಉಳಿದ ನೀರಿಗೆ ಬೆರಳದ್ದಿ ಮೂಸಿ ನೋಡಿದ, ಔಷಧಿ ವಾಸನೆ ಇನ್ನೂ ಇತ್ತು. ‘ಅಕ್ಕ, ಇದು ಶುಕ್ರವಾರದ ನೀರಲ್ಲ’ ಎಂದ. ಎಲ್ಲ ಹೇಳಿದೆ. ‘ನಾನು ಹೇಳಿದ್ರೆ ನಿಮ್ಮ ಮನೆ ಒಡೆಯುತ್ತೆ, ನೀವೇ ಹೇಳಿ, ಅಲ್ಲೀವರೆಗೆ ನನ್ನ ಮೇಲೇ ಇರಲಿ’ ಎಂದು ಹೋದ. ಅಂದಿನಿಂದ ಪ್ರತಿ ಮಂಗಳವಾರ ಮೀನಿಗೆ ಹುಳದ ಪ್ಯಾಕೆಟ್ಟು ತಂದು ಬಾಗಿಲಲ್ಲಿಟ್ಟು ಹೋಗುತ್ತಾನೆ, ಒಂದು ದಿನವೂ ಒಳಗೆ ಬಂದವನಲ್ಲ. ಮೊನ್ನೆ ಮರಿ ನೋಡಲು ಒಳಗೆ ಬಂದ. ಬಹಳ ಹೊತ್ತು ನೋಡಿ, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಕೇಳಿದ, ಹೇಳಿದ್ರಾ ಎಂದು. ಹೇಳದೆಯೇ, ಹೇಳಿದೆ ಎಂದೆ. ನಿನ್ನೆ ಲ್ಯಾಬಿನಿಂದ ಬರುವಾಗ ನೋಡಿದೆ, ಅಂಗಡಿಯ ಮುಂದೆ ಮೊದಲು ನೀವು ಕೂರುತ್ತಿದ್ದ ಸ್ಟೂಲನ್ನು ಒರೆಸಿ ಹಾಕಿದ್ದಾನೆ. ಈ ಪತ್ರ ನಿಮಗೆ ತಲುಪಲು ಮೂರು ದಿನ ಬೇಕು. ಆತ ಆಗಲೇ ಕಾಯುತ್ತಿದ್ದಾನೆ.