ಟ್ಯೂನಾ ಡಬ್ಬಿಯ ಮೇಲೆ ತಮ್ಮ ನಗುಮುಖ

ಮಾನ್ಯ ನಗರ ಆರೋಗ್ಯಾಧಿಕಾರಿಗಳೇ,

ತಾವು ದಯಪಾಲಿಸಿದ ಟ್ಯೂನಾ ಸಲಾಡ್ ತಿಂದು ನನ್ನ ಗಂಡ ಆಸ್ಪತ್ರೆ ಸೇರಿದರು. ಧನ್ಯವಾದ ಹೇಳುವುದು ತಡವಾಯಿತು, ಕ್ಷಮಿಸಿ.

ನನ್ನ ಗಂಡ ಎಪಿಫಾನಿಯೊ, ಮಿಂಡನಾವೊ ದ್ವೀಪದ ಈ ಬಂದರಿನಲ್ಲಿ ಮೂವತ್ತು ವರ್ಷ ಗಾಳ ಹಾಕಿ ಟ್ಯೂನಾ ಹಿಡಿದವರು. ಎರಡು ವರ್ಷದಿಂದ ಅವರ ಮೂತ್ರಪಿಂಡಗಳು ಸೋಲುತ್ತಿವೆ. ಡಯಾಲಿಸಿಸ್ ಯಂತ್ರದಿಂದ ದೂರವಿರಬೇಕೆಂದು ಸಪ್ಪೆ ಉಂಡು ಬದುಕಿದ್ದರು. ಜೂನ್ ಬಂತು, ಮೂತ್ರಪಿಂಡ ಜಾಗೃತಿ ಮಾಸವೆಂದು ತಾವು ರೋಗಿಗಳನ್ನೆಲ್ಲ ಸಭಾಂಗಣಕ್ಕೆ ಕರೆದಿರಿ. ನೃತ್ಯವಾಯಿತು, ತಮ್ಮ ಭಾಷಣವಾಯಿತು, ಕೊನೆಗೆ ಚೀಲ ಹಂಚಿದಿರಿ. ಚೀಲದಲ್ಲಿ ಹನ್ನೆರಡು ಡಬ್ಬಿ ಟ್ಯೂನಾ ಸಲಾಡ್. ಪ್ರತಿ ಡಬ್ಬಿಯ ಮೇಲೂ ತಮ್ಮ ನಗುಮುಖದ ಚೀಟಿ, ಅದರಲ್ಲೇ ‘ಮೂತ್ರಪಿಂಡಕ್ಕೆ ಹಿತ’ ಎಂಬ ಬರಹ. ನೆರೆ ಬಂದಾಗ ಅಕ್ಕಿಚೀಲದ ಮೇಲೆ, ಸಾವಿನ ಮನೆಯ ಶಾಮಿಯಾನದ ಮೇಲೆ ದೊಡ್ಡವರ ಮುಖ ನೋಡಿ ರೂಢಿಯಾದ ನಮಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

“ಇದ್ರಲ್ಲಿ ಉಪ್ಪಿರಲ್ವೇನ್ರೀ?” ಎಂದೆ.

“ಸುಮ್ನಿರೇ ದೆಲಿಸಾ. ಡಾಕ್ಟರೇ ಮುಖ ಅಂಟಿಸಿ ಕೊಟ್ಟಿದಾರೆ, ನಿಂದೇನು ಮಧ್ಯದಲ್ಲಿ ತಕರಾರು?”

ದಿನಕ್ಕೆರಡು ಡಬ್ಬಿ ಅನ್ನದ ಜೊತೆ ತಿಂದರು. ನಾಲ್ಕನೆಯ ದಿನ ಕಾಲು ಊದಿ ಕಂಬವಾಯಿತು. ಐದನೆಯ ದಿನ ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಂದೇ ಆಸ್ಪತ್ರೆಗೆ ಸೇರಿಸಿದೆ.

ಅವರು ಆಸ್ಪತ್ರೆಯಲ್ಲಿದ್ದಾಗ ಉಳಿದ ಡಬ್ಬಿಯೊಂದನ್ನು ನೀರಿನಲ್ಲಿ ನೆನೆಹಾಕಿ ತಮ್ಮ ಮುಖವನ್ನು ಉಗುರಿನಿಂದ ಕೆರೆದೆ. ಕೆಳಗಿದ್ದದ್ದು ಉಪ್ಪಿನ ವಿವರ! ಒಂದು ಪಾಲಿಗೆ ಇಷ್ಟು ಸೋಡಿಯಂ, ಡಬ್ಬಿಯಲ್ಲಿ ಮೂರು ಪಾಲು. ಅಂಗೈಯಗಲದ ಡಬ್ಬಿಯಲ್ಲಿ ಮೂರು ಪಾಲು! ತಮ್ಮ ಮನೆಯಲ್ಲಿ ಬೆಕ್ಕುಗಳಿಗೆ ಬಡಿಸುತ್ತೀರೋ ಹೇಗೆ? ವೈದ್ಯರು ಇವರಿಗೆ ಹಾಕಿಕೊಟ್ಟಿದ್ದ ಇಡೀ ದಿನದ ಮಿತಿ ಎರಡು ಡಬ್ಬಿಗೇ ಮೀರಿತ್ತು. ಚೀಟಿ ಅಂಟಿಸಲು ಇಡೀ ಡಬ್ಬಿಯಲ್ಲಿ ಅದೊಂದೇ ಜಾಗ ಸಿಕ್ಕಿತೇ, ಮಾನ್ಯರೇ?

ವಾರ್ಡಿನ ನರ್ಸ್ ಮೈಲಾ ಡಬ್ಬಿ ನೋಡಿ ಹಣೆ ಚಚ್ಚಿಕೊಂಡಳು. “ಅಮ್ಮಾ, ಟ್ಯೂನಾ ತಿನ್ಲೇಬಾರ್ದು ಅಂತಲ್ಲ. ಉಪ್ಪು ಹಾಕದೆ ನೀರಲ್ಲಿಟ್ಟಿರೋ ಡಬ್ಬಿ ತಗೊಳ್ಳಿ. ಬಸಿದು, ಮೀನನ್ನ ಚೆನ್ನಾಗಿ ತೊಳೀರಿ. ಸೌತೆಕಾಯಿ, ಕಲಮನ್ಸಿ ನಿಂಬೆ ರಸ, ಒಂದೇ ಚಮಚ ಮೇಯನೇಸ್. ಎಷ್ಟು ತಿನ್ಬೋದು ಅಂತ ರಕ್ತಪರೀಕ್ಷೆ ನೋಡಿ ಡಾಕ್ಟ್ರು ಹೇಳ್ತಾರೆ. ಇದನ್ನ ಹೆಂಗೆ ತೊಳೀತೀರಾ? ಮೇಯನೇಸ್ ಮೆತ್ತಿಟ್ಟಿದಾರಲ್ಲ!”

ಅರ್ಧ ನಿಮಿಷದ ಈ ಮಾತು ತಮ್ಮ ನಲವತ್ತು ನಿಮಿಷದ ಭಾಷಣದಲ್ಲಿ ಇರಲಿಲ್ಲ.

ಎಪಿಫಾನಿಯೊ ಮನೆಗೆ ಬಂದಿದ್ದಾರೆ. ಇನ್ನೊಮ್ಮೆ ಹೀಗಾದರೆ ಯಂತ್ರವೇ ಗತಿಯೆಂದು ವೈದ್ಯರು ಹೇಳಿದ್ದಾರೆ. ಅಂದು ಚೀಲ ಪಡೆದವರ ಪಟ್ಟಿ ತಮ್ಮ ಕಚೇರಿಯಲ್ಲಿದೆ. ಅದನ್ನು ಹಿಡಿದು ತಾವೇ ಮನೆಮನೆಗೆ ಹೋಗಿ ಡಬ್ಬಿಗಳನ್ನು ವಾಪಸು ಪಡೆಯಬೇಕು. ಸಿಬ್ಬಂದಿಯನ್ನು ಅಟ್ಟಿದರೆ ಸಾಲದು. ನನಗೆ ಗೊತ್ತಿದ್ದ ಐದು ಮನೆಗೆ ನಾನೇ ಹೋಗಿದ್ದೆ. “ಡಾಕ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತೇನಮ್ಮಾ?” ಎಂದು ಐದರಲ್ಲೂ ನಕ್ಕು ಕಳಿಸಿದರು. ಅವರಿಗೆ ನಂಬಿಕೆಯಿರುವುದು ತಮ್ಮ ಮೇಲೆ. ಆ ನಂಬಿಕೆಯಿಂದಲೇ ಅವರು ಸಾಯುವ ಮೊದಲು ಹೊರಡಿ.

ಇಂತಿ,
ಚೀಲದ ಸಾಲಿನಲ್ಲಿ ಗಂಡನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದ
ಫ್ಲೋರ್ದೆಲಿಸಾ